ಶೇಂಗಾ ಸೀಮೆಯಲ್ಲಿ ಒಂದು ಬೇರೆ ಬುತ್ತಿ

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಸುಮಾರು 20 ಕಿ.ಮೀ. ಸಾಗಿದರೆ ಎರಡು ಗುಡ್ಡಗಳ ನಡುವೆ ಅಡ್ಡವಾಗಿ ನಿಂತ ಕಲ್ಲಿನ ಗೋಡೆಯೊಂದು ಎದುರಾಗುತ್ತದೆ. ಅದೇ ಮಾರಿಕಣಿವೆ. ಸರ್ಕಾರಿ ಕಡತಗಳಲ್ಲಿ ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಇಂದಿಗೂ ಮಾರಿಕಣಿವೆಯೇ. ಅಣೆಕಟ್ಟಿನ ಬಳಿ ಕಣಿವೆ ಮಾರಮ್ಮನ ಗುಡಿಯಿದೆ. ಮಕ್ಕಳಿಗೆ ಕಾಯಿಲೆ ಕಸಾಲೆ ಬಂದಾಗ ಮಾರಮ್ಮನಿಗೆ ಹರಕೆ ಹೊರುವುದು ಬಯಲುಸೀಮೆಯ ತಾಯಂದಿರ ಹಳೆಯ ರೂಢಿ.

ವೇದಾವತಿ ನದಿಗೆ ಕಟ್ಟಿದ ಈ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ. ಸುಮಾರು 30 ಟಿಎಂಸಿ ನೀರು ಹಿಡಿಯುವ ಜಲಾಶಯವಿದು. ಇದಕ್ಕೆ ಹೆಸರು ಕೊಟ್ಟ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಪತಿ ತೀರಿಕೊಂಡಾಗ ಹತ್ತು ವರ್ಷದ ಮಗನನ್ನು ಮಡಿಲಲ್ಲಿಟ್ಟುಕೊಂಡು ರಾಜ್ಯಭಾರ ಹೊತ್ತವರು. ಆ ಮಗನೇ ನಾಲ್ವಡಿ ಕೃಷ್ಣರಾಜ ಒಡೆಯರು. 1902ರಲ್ಲಿ ಮಗನಿಗೆ ಅಧಿಕಾರ ಒಪ್ಪಿಸುವವರೆಗೆ ದಿವಾನರೂ ರಾಜಪ್ರತಿನಿಧಿ ಮಂಡಳಿಯೂ ಅವರ ಜೊತೆಗಿದ್ದವು. ಮಹಾರಾಣಿಯೂ ಎಲ್ಲವನ್ನೂ ಒಬ್ಬರೇ ಹೊರಲಿಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಈ ಜಲಾಶಯ ಕೋಡಿ ಹರಿಯುವುದು ತೀರ ಅಪರೂಪ. 1933ರಲ್ಲಿ ಹರಿದ ಕೋಡಿ ಮತ್ತೆ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ನೀರು ತುಂಬಿದ ಸುದ್ದಿ ಹಬ್ಬಿತೆಂದರೆ ಸುತ್ತಲ ಊರುಗಳ ಜನ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ.

ಬುತ್ತಿ ಎಂದ ಮೇಲೆ ಶೇಂಗಾ ಇರಲೇಬೇಕು. ಚಿತ್ರದುರ್ಗ ಜಿಲ್ಲೆ ನಾಡಿನ ದೊಡ್ಡ ಶೇಂಗಾ ಸೀಮೆಗಳಲ್ಲಿ ಒಂದು. ಪಕ್ಕದ ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಬಿರುದೇ ಇದೆ. ಚಿತ್ರಾನ್ನದ ಒಗ್ಗರಣೆಗೆ ಶೇಂಗಾ, ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮಂಡಕ್ಕಿಗೆ ಹುರಿದ ಶೇಂಗಾ, ಮಕ್ಕಳ ಕೈಗೆ ಚಿಕ್ಕಿ. ಬಡವರ ಬಾದಾಮಿ ಎಂದು ಹಿರಿಯರು ಹೊಗಳಿದ್ದು ಸುಮ್ಮನೆ ಅಲ್ಲ.

ಆದರೆ ಆ ಶೇಂಗಾ ಒಗ್ಗದ ಮಗುವೊಂದು ಈ ಗುಂಪಿನಲ್ಲಿದ್ದರೆ? ಅಂತಹ ಒಂದು ಸಂಸಾರ ಅಣೆಕಟ್ಟು ನೋಡಲು ಬಂದಿದೆ ಎಂದುಕೊಳ್ಳಿ. ಎಲ್ಲರ ಕಣ್ಣು ನೀರಿನ ಮೇಲೆ. ತಾಯಿಯ ಕಣ್ಣು ಮಾತ್ರ ಮಗನ ಕೈಯ ಮೇಲೆ. ಪಕ್ಕದಲ್ಲಿ ಕುಳಿತವರು ಪ್ರೀತಿಯಿಂದ ಚಿಕ್ಕಿ ನೀಡಿದರೆ ಅವಳ ಎದೆ ಧಸಕ್ಕೆನ್ನುತ್ತದೆ. ಬೇಡವೆಂದರೆ ‘ಒಂದು ಕಾಳು ತಿಂದರೆ ಏನಾಗುತ್ತೆ ಬಿಡಮ್ಮ, ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?’ ಎಂಬ ಮಾತು. ಮನೆಗೆ ಹಿಂದಿರುಗುವ ಹೊತ್ತಿಗೆ ಎಲ್ಲರೂ ಕೋಡಿಯ ಸೊಬಗು ಹೇಳಿಕೊಳ್ಳುತ್ತಿದ್ದರೆ ಅವಳಿಗೆ ಕೋಡಿ ನೋಡಿದ ನೆನಪೇ ಇರುವುದಿಲ್ಲ.

ತಪ್ಪು ಯಾರದು?

ತಪ್ಪು ಯಾರದೂ ಅಲ್ಲ. ಈ ಮಾತನ್ನು ಮೊದಲು ಮನೆಯವರೇ ತಾಯಿಗೆ ಹೇಳಬೇಕು. ‘ಬಸುರಿಯಲ್ಲಿ ಏನು ತಿಂದಳೋ’ ಎಂಬ ಚುಚ್ಚುಮಾತು ಅವಳ ನಿದ್ದೆ ಕೆಡಿಸುತ್ತದೆ, ಅಷ್ಟೇ. ವೈದ್ಯರ ಸಲಹೆಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಿಂದೆ ಅಲರ್ಜಿಯ ಭಯವಿದ್ದ ಎಳೆಯ ಮಕ್ಕಳಿಗೆ ಶೇಂಗಾ ಕೊಡಲೇಬೇಡಿ ಎಂದು ಹಲವು ದೇಶಗಳಲ್ಲಿ ಹೇಳುತ್ತಿದ್ದರು. ವೈದ್ಯರ ನಿಗಾದಲ್ಲಿ ಬೇಗನೆ ಅಭ್ಯಾಸ ಮಾಡಿಸಿದ ಮಕ್ಕಳಲ್ಲಿ ಅಲರ್ಜಿ ಬಹಳ ಕಡಿಮೆ ಎಂದು ಬ್ರಿಟನ್ನಿನ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಅಂದಿನ ಸಲಹೆಯಂತೆ ನಡೆದ ತಾಯಿ ಇಂದು ತನ್ನನ್ನು ತಾನೇ ಹಳಿದುಕೊಳ್ಳಬೇಕಾಗಿಲ್ಲ.

ಜನ ನಂಬದಿರುವುದಕ್ಕೂ ಕಾರಣವಿದೆ. ಬೆಂಗಳೂರು ಮತ್ತು ಮೈಸೂರು ಭಾಗದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತಪರೀಕ್ಷೆ ಅಲರ್ಜಿಯ ಸೂಚನೆ ತೋರಿದವರು ಶೇ 26.5 ಇದ್ದರೂ, ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ಕೇವಲ ಶೇ 1.2. ಇದರಿಂದ ಎರಡು ಪಾಠ. ಅಪರೂಪದ ತೊಂದರೆಯಾದ್ದರಿಂದ ನೆರೆಹೊರೆಯವರು ಅದನ್ನು ಕಂಡಿರುವುದಿಲ್ಲ. ಎರಡನೆಯದು, ರಕ್ತಪರೀಕ್ಷೆಯ ಚೀಟಿಯೊಂದನ್ನೇ ನೆಚ್ಚಿ ಮಗುವಿನ ತಟ್ಟೆಯಿಂದ ಹತ್ತು ಪದಾರ್ಥ ತೆಗೆದುಹಾಕಬಾರದು. ಯಾವುದು ನಿಜವಾಗಿ ವರ್ಜ್ಯ ಎಂದು ತಜ್ಞರು ಖಚಿತಪಡಿಸಿದರೆ ತಾಯಿಯ ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತದೆ.

ಕಾವಲು ಹಂಚಿಕೊಳ್ಳಿ

ಉಳಿದ ಅರ್ಧ ಇಳಿಯುವುದು ಕಾವಲು ಹಂಚಿಕೊಂಡಾಗ. ಪ್ರವಾಸ ಹೊರಟರೆ ಮಗುವಿನ ಬುತ್ತಿ ಬೇರೆ ಡಬ್ಬಿಯಲ್ಲಿ, ಬೇರೆ ಚಮಚದೊಂದಿಗೆ ಇರಲಿ. ಬೆಳಿಗ್ಗೆ ತಾಯಿ ನೋಡಿಕೊಂಡರೆ ಮಧ್ಯಾಹ್ನ ತಂದೆಯ ಸರದಿ, ಸಂಜೆ ಚಿಕ್ಕಪ್ಪನದು. ಸರದಿ ಬಿಟ್ಟವರು ನಿಶ್ಚಿಂತೆಯಿಂದ ಅಣೆಕಟ್ಟಿನ ಮೇಲೆ ಅಡ್ಡಾಡಿ ಬರಲಿ. ಅಂಗಡಿಯ ಪೊಟ್ಟಣದ ಮೇಲೆ ಶೇಂಗಾ, ಹಾಲು, ಮೊಟ್ಟೆ, ಸೋಯಾ ಮುಂತಾದವು ಇದ್ದರೆ ನಮೂದಿಸಬೇಕೆಂದು 2020ರ ಲೇಬಲ್ ನಿಯಮ ಹೇಳುತ್ತದೆ. ಅದನ್ನು ಓದುವ ಕೆಲಸವನ್ನು ಓದಲು ಬಲ್ಲ ಮಗುವಿಗೇ ಒಪ್ಪಿಸಬಹುದು.

ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ. ಮೈತುಂಬ ದದ್ದು, ತುಟಿ ಊತ, ಮೇಲಿಂದ ಮೇಲೆ ವಾಂತಿ, ಉಸಿರಾಟದಲ್ಲಿ ಸಿಳ್ಳು, ತಲೆಸುತ್ತು: ಇವು ಅಪಾಯದ ಗುರುತುಗಳು. ಆಗ ಬೇಕಾದದ್ದು ತೊಡೆಯ ಹೊರಬದಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆ ಅದರ ಬದಲಿಯಾಗದು. ಮದ್ದನ್ನು ಜೊತೆಯಲ್ಲಿ ಒಯ್ಯುವುದು, ಕೊಡುವುದು ಹೇಗೆಂದು ಮನೆಯ ಇಬ್ಬರಾದರೂ ವೈದ್ಯರಿಂದ ಕಲಿತಿರಬೇಕು. ಮಗುವನ್ನು ಮಲಗಿಸಿ, ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ, ನಡೆಸಬಾರದು. 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಶಾಲೆಯಲ್ಲೂ ಇದೇ ಮಾತು. ಮೊಟ್ಟೆ ತಿನ್ನದ ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ಕೆಲವು ವರ್ಷ ಶೇಂಗಾ ಚಿಕ್ಕಿ ಕೊಡುತ್ತಿದ್ದರು. 2025ರಲ್ಲಿ ಅದು ನಿಂತಿತು. ಆದರೂ ಗೆಳೆಯರ ಡಬ್ಬಿಗಳು ಇದ್ದೇ ಇರುತ್ತವೆ. ‘ಒಂದು ಕಾಳು ತಿಂದು ತೋರಿಸೋ’ ಎಂಬುದು ಆಟವಲ್ಲ, ಪ್ರಾಣಕ್ಕೆ ಎರವಾಗಬಹುದಾದ ಮಾತು ಎಂದು ವಿದ್ಯಾರ್ಥಿಗಳು ತಿಳಿಯಬೇಕು. ಗೆಳೆಯನಿಗೆ ಏನು ಆಗದು ಎಂದು ತಿಳಿದಿರುವ ಒಬ್ಬ ಸಹಪಾಠಿ ಆ ಮನೆಯ ತಾಯಿಗೆ ದೊಡ್ಡ ಧೈರ್ಯ.

ಇಷ್ಟಾದರೂ ಚಿಂತೆ ಬಿಡದೆ, ನಿದ್ದೆ ಬಾರದೆ, ಮನೆಯಿಂದ ಹೊರಡುವುದೇ ಬೇಡ ಎನ್ನಿಸುತ್ತಿದ್ದರೆ 14416ಕ್ಕೆ ಕರೆ ಮಾಡಬಹುದು. ಟೆಲಿ-ಮಾನಸ್ ಎಂಬ ಈ ಉಚಿತ ಸೇವೆ 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತನಾಡಬಹುದು. ಮಗುವಿಗೆ ಅಲರ್ಜಿ ಎಂದು ತಾಯಿಯ ನೆಮ್ಮದಿ ಅಡವಿಡಬೇಕಾಗಿಲ್ಲ.

ಮಾರಿಕಣಿವೆಯ ಗೋಡೆಯ ಎರಡೂ ತುದಿಗೆ ಗುಡ್ಡದ ಆಸರೆಯಿದೆ. ನೂರು ವರ್ಷ ದಾಟಿದರೂ ಅದು ನೀರಿನ ಒತ್ತಡ ತಡೆದು ನಿಂತಿದೆ. ಮುಂದಿನ ಸಲ ಕೋಡಿ ಹರಿದಾಗ, ಬೇರೆ ಬುತ್ತಿ ತಂದ ತಾಯಿ ಪಕ್ಕದಲ್ಲಿ ಕುಳಿತಿದ್ದರೆ ಚಿಕ್ಕಿ ನೀಡುವ ಮುನ್ನ ‘ಮಗುವಿಗೆ ಕೊಡಬಹುದಾ ಅಮ್ಮ?’ ಎಂದು ಕೇಳಿ. ಅವಳೂ ಒಂದು ಗಳಿಗೆ ತಲೆಯೆತ್ತಿ ನೀರು ನೋಡಲಿ.

ಹೋಗುವ ದಾರಿ: ಬೆಂಗಳೂರಿನಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 160 ಕಿ.ಮೀ., ಚಿತ್ರದುರ್ಗದಿಂದ ಸುಮಾರು 40 ಕಿ.ಮೀ. ಸರ್ಕಾರಿ ಆಸ್ಪತ್ರೆ ಹಿರಿಯೂರಿನಲ್ಲಿದೆ. ಅಲರ್ಜಿಯಿರುವ ಮಗುವಿನೊಂದಿಗೆ ಹೋಗುವವರು ಅದರ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳುವುದು ಲೇಸು.