ತೂಕಡಿಸುವವರ ಎಚ್ಚರ

ಕ್ರೈಸ್ತರಾಗಿ ಹುಟ್ಟಿದವರಿಗೆ ಒಂದು ಸೌಲಭ್ಯವುಂಟು. ನಮ್ಮಲ್ಲಿ ಪ್ರಾರ್ಥನೆಗೂ ನಿದ್ದೆಗೂ ಭಂಗಿ ಒಂದೇ. ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಕೈ ಜೋಡಿಸಿ ಕೂತವರು ದೇವರ ಸನ್ನಿಧಿಯಲ್ಲಿದ್ದಾರೋ ನಿದ್ರಾದೇವಿಯ ಮಡಿಲಲ್ಲಿದ್ದಾರೋ ಪಕ್ಕದವರಿಗೂ ತಿಳಿಯದು. ಗೊರಕೆ ಹೊಡೆದರೆ ಗುಟ್ಟು ರಟ್ಟು. ಅದೂ ಹಾರ್ಮೋನಿಯಂ ನುಡಿಯುವ ಹೊತ್ತಾದರೆ ಬಚಾವು.

ಇಂಥ ಜನಕ್ಕೇ ಯೇಸುಸ್ವಾಮಿ 'ಎಚ್ಚರವಾಗಿರಿ' ಎಂದು ಅಪ್ಪಣೆ ಕೊಟ್ಟುಹೋಗಿದ್ದಾನೆ. ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ ಎನ್ನುವ ಆಜ್ಞೆಗಳನ್ನು ಸುಮ್ಮನೆ ಕೂತೇ ಪಾಲಿಸಬಹುದು. ಇದು ಹಾಗಲ್ಲ, ಸುಮ್ಮನೆ ಕೂತರೇ ಇದಕ್ಕೆ ಅಪಾಯ. ಮನೆಯ ಯಜಮಾನ ಸಂಜೆ ಬರುತ್ತಾನೋ, ಸರಿರಾತ್ರಿಯಲ್ಲೋ, ಕೋಳಿ ಕೂಗುವಾಗಲೋ ಹೇಳಲಾಗದು, ಬಾಗಿಲು ಕಾಯುವವನು ಕಣ್ಣು ಬಿಟ್ಟಿರಬೇಕು ಎಂಬ ಮಾರ್ಕನ ಸುವಾರ್ತೆಯ ಭಾಗ ಸಾಮಾನ್ಯವಾಗಿ ಓದಲು ಬರುವುದು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ. ಹೊರಗೆ ಡಿಸೆಂಬರಿನ ಎಳೆಬಿಸಿಲು, ಒಳಗೆ ವರ್ಷಕ್ಕೊಮ್ಮೆ ಟ್ರಂಕಿನಿಂದ ಹೊರಬಂದ ಸ್ವೆಟರುಗಳ ನುಸಿಗುಳಿಗೆ ವಾಸನೆ, ಹಿಂದಿನ ರಾತ್ರಿ ಕ್ಯಾರಲ್ ಹಾಡಲು ಮನೆಮನೆ ಸುತ್ತಿದ ಆಯಾಸ. ಅಯ್ಯನವರು 'ಎಚ್ಚರವಾಗಿರಿ' ಎಂದು ಪ್ರಸಂಗ ಶುರುಮಾಡುವಷ್ಟರಲ್ಲಿ ಗಾಯಕವೃಂದದ ಅರ್ಧಭಾಗ ಪರಲೋಕದ ಹೊಸ್ತಿಲಲ್ಲಿರುತ್ತದೆ.

ನಮ್ಮ ಈ ಕುಲದ ಮೂಲಪುರುಷನ ಹೆಸರು ಯೂತಿಖ. ತ್ರೋವ ಪಟ್ಟಣದಲ್ಲಿ ಪೌಲ ಮಧ್ಯರಾತ್ರಿಯವರೆಗೂ ಉಪದೇಶ ಮಾಡಿದ. ಮಹಡಿಯ ಕೋಣೆ, ಉರಿಯುವ ದೀಪಗಳು, ಕಿಟಕಿಯ ಮೇಲೆ ಕೂತ ಹುಡುಗ. ಜೊಂಪು ಹತ್ತಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ, ಎತ್ತಿ ನೋಡಿದರೆ ಜೀವವಿಲ್ಲ. ಪೌಲ ಇಳಿದು ಬಂದು ಅವನನ್ನು ತಬ್ಬಿಕೊಂಡು ಬದುಕಿಸಿದ. ಇಷ್ಟಾದ ಮೇಲೆ ಬೇರೆ ಯಾರಾಗಿದ್ದರೂ ಸಭೆ ಮುಗಿಸುತ್ತಿದ್ದರು. ಪೌಲ ಮತ್ತೆ ಮಹಡಿ ಹತ್ತಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೆ ಮಾತು ಮುಂದುವರಿಸಿದ. ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ಲಿನ ಮುಖ್ಯ ಪಾದ್ರಿಯಾಗಿದ್ದ ಜೊನಾಥನ್ ಸ್ವಿಫ್ಟ್ ಇದೇ ಯೂತಿಖನ ಮೇಲೆ ಒಂದು ಪ್ರಸಂಗ ಮಾಡಿ, ಜನರನ್ನು ಮಲಗಿಸುವುದರಲ್ಲಿ ಈಗಿನ ಬೋಧಕರು ಪೌಲನನ್ನು ಮೀರಿಸಿದ್ದಾರೆ, ಬದುಕಿಸುವ ಪವಾಡ ಮಾತ್ರ ಅವರಿಗೆ ಬರುವುದಿಲ್ಲ ಎಂಬರ್ಥದಲ್ಲಿ ಚುಚ್ಚಿದ್ದ. ಅದೇ ಕಾಲದಲ್ಲಿ, 1725ರಲ್ಲಿ, ಇಂಗ್ಲೆಂಡಿನ ಟ್ರೈಸಲ್ ಎಂಬ ಹಳ್ಳಿಯ ಚರ್ಚಿಗೆ ಜಾನ್ ರಜ್ ಎಂಬಾತ ವರ್ಷಕ್ಕೆ 20 ಷಿಲಿಂಗ್ ದತ್ತಿಯಿಟ್ಟ. ಅದರಿಂದ ಒಬ್ಬ ಬಡವನನ್ನು ನೇಮಿಸಬೇಕು. ಆರಾಧನೆಯ ಹೊತ್ತಿನಲ್ಲಿ ಅವನು ಓಡಾಡುತ್ತ ಜನರನ್ನು ಎಚ್ಚರವಾಗಿಡಬೇಕು. ದತ್ತಿನಿಧಿಗಳು ಬೇಕಾದಷ್ಟಿವೆ, ಇಷ್ಟು ಮುಂದಾಲೋಚನೆಯದು ಅಪರೂಪ.

ನಮ್ಮ ಚರ್ಚಿನಲ್ಲಿ ಅಂಥ ಹುದ್ದೆ ಇರಲಿಲ್ಲ. ಇದ್ದಿದ್ದರೆ ಮೊದಲು ಕೆಲಸ ಬೀಳುತ್ತಿದ್ದದ್ದು ನಮ್ಮಜ್ಜಿಯ ಬೆಂಚಿನ ಬಳಿ. ಹೆಂಗಸರ ಸಾಲಿನಲ್ಲಿ ಕಂಬದ ಪಕ್ಕ ಅವಳ ಜಾಗ. ವೇದಪಾಠ ಮುಗಿದು ಅಯ್ಯನವರು ಕನ್ನಡಕ ಏರಿಸಿದರೆಂದರೆ ಅಜ್ಜಿಯ ಸೆರಗು ತಲೆಯ ಮೇಲಿಂದ ಹುಬ್ಬಿನವರೆಗೆ ಇಳಿಯುತ್ತಿತ್ತು. ಮತ್ತೆ ಮೇಲೇರುತ್ತಿದ್ದದ್ದು 'ಕೊನೆಯದಾಗಿ' ಎಂಬ ಮಾತಿಗೆ. ಅಯ್ಯನವರು ಒಂದೇ ಪ್ರಸಂಗದಲ್ಲಿ ಹಲವು ಸಲ 'ಕೊನೆಯದಾಗಿ' ಎನ್ನುವವರು. ಯಾವುದು ಸುಳ್ಳು ಕೊನೆ, ಯಾವುದು ನಿಜವಾದ ಕೊನೆ ಎಂಬುದು ನಿದ್ದೆಯಲ್ಲೂ ಅವಳಿಗೆ ಗೊತ್ತಾಗುತ್ತಿತ್ತು. ಅವಳು 'ಆಮೆನ್' ಎಂದರೆ ಪ್ರಸಂಗ ಮುಗಿಯಿತೆಂದೇ ಲೆಕ್ಕ.

ವರ್ಷಕ್ಕೊಂದು ರಾತ್ರಿ ಮಾತ್ರ ಇಡೀ ಸಭೆ ಹಟ ಹಿಡಿದು ಎಚ್ಚರವಿರುತ್ತಿತ್ತು. ಡಿಸೆಂಬರ್ 31ರ ವಾಚ್‌ನೈಟ್ ಸರ್ವೀಸು. ಇದನ್ನು ರೂಢಿಗೆ ತಂದವರಲ್ಲಿ ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿ ಮುಖ್ಯ. ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯವರು ಶನಿವಾರದ ರಾತ್ರಿಗಳನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದರಂತೆ. ಮನಸ್ಸು ತಿರುಗಿದ ಮೇಲೂ ರಾತ್ರಿ ಎದ್ದಿರುವ ಚಟ ಹೋಗಲಿಲ್ಲ. ಅದೇ ಹೊತ್ತನ್ನು ಪ್ರಾರ್ಥನೆಗೆ ತಿರುಗಿಸಿದರು. 1740ರ ದಶಕದಲ್ಲಿ ವೆಸ್ಲಿ ಅದನ್ನೇ ಪದ್ಧತಿ ಮಾಡಿದ. ಮೊದಮೊದಲು ಇದು ತಿಂಗಳಿಗೊಮ್ಮೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಮುಗಿಸಿ ಮನೆಗೆ ನಡೆಯುವವರಿಗೆ ಬೆಳದಿಂಗಳಿರಲಿ ಎಂಬ ಏರ್ಪಾಡು. ಆತನ ಪಂಥದ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಬೆಂಗಳೂರು, ಮೈಸೂರು, ಗುಬ್ಬಿ ಕಡೆಗೆ ಬಂದರು. 1947ರಲ್ಲಿ ಅವರ ಸಭೆ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ (ಸಿಎಸ್‌ಐ) ಸೇರಿಹೋದರೂ ವಾಚ್‌ನೈಟ್ ಉಳಿಯಿತು, ಬೆಳದಿಂಗಳು ಮಾತ್ರ ಬಿಟ್ಟುಹೋಯಿತು.

ಆ ರಾತ್ರಿ ನಮ್ಮೂರ ಗಂಡಸರೆಲ್ಲ ಮಂಕಿಕ್ಯಾಪಿನಲ್ಲಿ ಒಂದೇ ಥರ ಕಾಣುತ್ತಿದ್ದರು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಎಲ್ಲರೂ ಮೊಣಕಾಲೂರಬೇಕು. ಹಳೆಯ ವರ್ಷದ ಪಾಪ ಹೊಸ ವರ್ಷಕ್ಕೆ ದಾಟಬಾರದು. ಆದರೆ ಹನ್ನೆರಡು ಯಾವಾಗ ಎಂಬುದರಲ್ಲಿ ಸಭಾಹಿರಿಯರ ಎಚ್‌ಎಂಟಿಗೂ ಗೋಡೆ ಗಡಿಯಾರಕ್ಕೂ ಒಮ್ಮತವಿರುತ್ತಿರಲಿಲ್ಲ. ಮಧ್ಯದ ಅವಧಿಯಲ್ಲಿ ನಾವು ಯಾವ ವರ್ಷಕ್ಕೂ ಸೇರದವರಾಗಿ ಮೊಣಕಾಲ ಮೇಲೆಯೇ ಇರುತ್ತಿದ್ದೆವು. ಕಡೆಗೆ ರಸ್ತೆಯ ಹುಡುಗರು ಪಟಾಕಿ ಹೊಡೆದು ತೀರ್ಪು ಕೊಡುತ್ತಿದ್ದರು. ಇದೇ ತಾರೀಖಿನ ರಾತ್ರಿ, 1862ರಲ್ಲಿ, ಅಮೆರಿಕದ ಕಪ್ಪುಜನ ಚರ್ಚುಗಳಲ್ಲಿ ಸೇರಿ ಕಾದಿದ್ದರು. ಬೆಳಗಾದರೆ ಲಿಂಕನ್ನನ ವಿಮೋಚನಾ ಘೋಷಣೆ ಜಾರಿಗೆ ಬರಬೇಕು. ಅಂಥ ರಾತ್ರಿಯಲ್ಲಿ ಯಾರಿಗೆ ತೂಕಡಿಕೆ ಬಂದೀತು? ಬರುವುದು ದೊಡ್ಡದು ಎಂದು ನಂಬಿದವನಿಗೆ ಎಚ್ಚರ ತಾನಾಗಿ ಇರುತ್ತದೆ. ನಮಗೆ ಬರಬೇಕಿದ್ದದ್ದು ಕೇಕು ಮತ್ತು ಕಾಫಿ.

ಹಾಗೆಂದು ನಮ್ಮನ್ನು ನಾವೇ ಹಳಿದುಕೊಳ್ಳಬೇಕಾಗಿಲ್ಲ. ಎಚ್ಚರವನ್ನೇ ಕಸುಬು ಮಾಡಿಕೊಂಡ ಸನ್ಯಾಸಿಗಳ ಪಾಡೂ ಇದೇ. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದವನು. ನಡುಹಗಲ ಪಿಶಾಚಿ ಸನ್ಯಾಸಿಯನ್ನು ಹೇಗೆ ಕಾಡುತ್ತದೆಂದು ಬರೆದಿಟ್ಟಿದ್ದಾನೆ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆಯಿದ್ದಂತೆ ಅನ್ನಿಸುತ್ತದೆ. ಕಿಟಕಿಯತ್ತ ಕಣ್ಣು ಹೋಗುತ್ತದೆ. ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟು ದೂರ ಎಂದು ಬಿಸಿಲು ನೋಡುತ್ತಾನೆ, ಯಾರಾದರೂ ಸಹೋದರ ಮಾತಿಗೆ ಬರುತ್ತಾನೇನೋ ಎಂದು ಅತ್ತಿತ್ತ ನೋಡುತ್ತಾನೆ. ಆ ಕಿಟಕಿ ಈಗ ನಮ್ಮ ಜೇಬಿಗೇ ಬಂದಿದೆ, ಅಷ್ಟೇ.

ಆರನೇ ಶತಮಾನದ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮಾವಳಿಯಂತೂ ನಿದ್ದೆಯನ್ನು ಚೆನ್ನಾಗಿ ಬಲ್ಲವನ ಕೆಲಸ. ಸನ್ಯಾಸಿಗಳು ಉಟ್ಟ ಬಟ್ಟೆಯಲ್ಲೇ ನಡುಕಟ್ಟು ಬಿಗಿದು ಮಲಗಬೇಕು, ಗಂಟೆ ಬಾರಿಸಿದೊಡನೆ ಏಳುವುದಕ್ಕೆ. ಆದರೆ ಸೊಂಟದ ಚಾಕುವನ್ನು ತೆಗೆದಿಡಬೇಕು, ನಿದ್ದೆಗಣ್ಣಲ್ಲಿ ಕುಯ್ದುಕೊಂಡಾರು. ಎದ್ದವರು ಒಬ್ಬರನ್ನೊಬ್ಬರು ಮೆಲ್ಲಗೆ ಹುರಿದುಂಬಿಸಬೇಕು, ನಿದ್ದೆಗಾರರ ಬಳಿ ನೆಪಗಳಿಗೆ ಬರವಿಲ್ಲ. ಇರುಳ ಪ್ರಾರ್ಥನೆಯಲ್ಲಿ 95ನೇ ಕೀರ್ತನೆಯನ್ನು ಬೇಕೆಂದೇ ಎಳೆದು ಹಾಡಬೇಕು, ತಡವಾದವರು ಅಷ್ಟರಲ್ಲಿ ಬಂದು ಸೇರಲಿ. ಅದಕ್ಕೂ ತಡವಾದವರನ್ನು ಹೊರಗೆ ನಿಲ್ಲಿಸಬಾರದು. ನಿಲ್ಲಿಸಿದರೆ ವಾಪಸು ಹೋಗಿ ಮಲಗುತ್ತಾರೆ, ಇಲ್ಲವೇ ಕೂತು ಹರಟೆ ಹೊಡೆಯುತ್ತಾರೆ. ಎಚ್ಚರದ ಗುರು ಎಂದರೆ ಇವನು. ಮಲಗಿದವರ ಮೇಲೆ ಸಿಟ್ಟಿಲ್ಲ, ಅವರಿಗಾಗಿ ಹಾಡು ನಿಧಾನ ಮಾಡುತ್ತಾನೆ.

ಗೆತ್ಸೆಮನೆ ತೋಟದಲ್ಲೂ ಆದದ್ದು ಹೆಚ್ಚುಕಡಿಮೆ ಇದೇ. ಸಾಯುವ ಹಿಂದಿನ ರಾತ್ರಿ ಯೇಸು ಪೇತ್ರ, ಯಾಕೋಬ, ಯೋಹಾನರನ್ನು ತನ್ನ ಜೊತೆ ಎಚ್ಚರವಿರಿ ಎಂದು ಕೇಳಿಕೊಂಡ. ಮೂರು ಸಲ ಬಂದು ನೋಡಿದಾಗಲೂ ಮಲಗಿದ್ದರು. ದುಃಖದಿಂದ ನಿದ್ದೆ ಹತ್ತಿತ್ತು ಎಂದು ಲೂಕ ಒಬ್ಬನೇ ಅವರ ಪರವಾಗಿ ವಕಾಲತ್ತು ವಹಿಸುತ್ತಾನೆ. ಅವನು ವೈದ್ಯ, ರೋಗಿಗಳ ಮನೆಯವರನ್ನು ನೋಡಿದ್ದವನು. ಆ ರಾತ್ರಿ ಯೇಸು ಅವರಿಂದ ಬಯಸಿದ್ದು ಪಹರೆಯನ್ನಲ್ಲ, ಜೊತೆಯನ್ನು. ಮದುಮಗನಿಗೆ ಕಾದ ಹತ್ತು ಮಂದಿ ಕನ್ನಿಕೆಯರ ಸಾಮ್ಯದಲ್ಲೂ ನಿದ್ದೆ ಮಾಡಿದ್ದು ಐವರು ಬುದ್ಧಿಯಿಲ್ಲದವರು ಮಾತ್ರ ಎಂಬಂತೆ ನಾವು ಸಂಡೆಸ್ಕೂಲಿನಲ್ಲಿ ಕಲಿತಿದ್ದೆವು. ಓದಿ ನೋಡಿದರೆ ಹತ್ತೂ ಮಂದಿ ಮಲಗಿದ್ದರು. ಜಾಣೆಯರ ಬಳಿ ಬೇರೆ ಪಾತ್ರೆಯಲ್ಲಿ ಎಣ್ಣೆಯಿತ್ತು, ಅಷ್ಟೇ ವ್ಯತ್ಯಾಸ.

ಅಜ್ಜಿಯ ಎಣ್ಣೆ ಎಲ್ಲಿತ್ತೆಂದು ತಿಳಿದದ್ದು ಆರಾಧನೆ ಮುಗಿದ ಮೇಲಿನ ಹೊತ್ತಿನಲ್ಲಿ. ಎಲ್ಲರೂ ಬಾಗಿಲಲ್ಲಿ ಅಯ್ಯನವರ ಕೈಕುಲುಕಿ 'ಒಳ್ಳೇ ಪ್ರಸಂಗ' ಎಂದು ಹೋಗುತ್ತಿದ್ದರು. ಅಜ್ಜಿ ಪ್ರಸಂಗದ ಸುದ್ದಿಯೆತ್ತುತ್ತಿರಲಿಲ್ಲ.

"ಅಯ್ನೋರೆ, ಆ ಕೊನೇ ಬೆಂಚಲ್ಲಿ ಕೂರೋ ಹುಡ್ಗ ಹೋದ್ವಾರಾನೂ ಇಲ್ಲ, ಇವತ್ತೂ ಇಲ್ಲ."

"ಊರಿಗೆ ಹೋಗಿರ್ಬೇಕು ಅಜ್ಜಿ."

"ಊರಿಗೆ ಹೋದೋನು ಬಾಗಿಲ ಮುಂದೆ ಚಪ್ಪಲಿ ಬಿಟ್ಟು ಹೋಗ್ತಾನಾ?"

ಅಂದರೆ ಅವಳು ಆಗಲೇ ಆ ಬೀದಿಯಲ್ಲಿ ಹೋಗಿ ನೋಡಿ ಬಂದಿದ್ದಳು. ಮಧ್ಯಾಹ್ನ ತೂಕುಪಾತ್ರೆಯಲ್ಲಿ ಗಂಜಿ, ಎಲೆಯಲ್ಲಿ ಸುತ್ತಿದ ನಿಂಬೆ ಉಪ್ಪಿನಕಾಯಿ ಹಿಡಿದು ಹೊರಟಳು. ಪಾತ್ರೆ ಹೊರಲು ನಾನು. ಹುಡುಗ ಜ್ವರದಲ್ಲಿ ಬಿದ್ದಿದ್ದ. ಅಜ್ಜಿ ಅವನ ಹಣೆ ಮುಟ್ಟಿದಳು, ಕೊಡದಲ್ಲಿ ನೀರಿದೆಯೇ ಎಂದು ಬಗ್ಗಿ ನೋಡಿದಳು. ಪ್ರಾರ್ಥನೆಯನ್ನೂ ಮಾಡಿದಳು, ಎರಡೇ ಮಾತು. ಗಂಜಿ ಆರಿಹೋಗುತ್ತದಲ್ಲ.

ಈಗ ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಜಾವವೇ ಎಚ್ಚರವಾಗಿರಿ ಎಂಬ ವಚನ ಗುಲಾಬಿ ಹೂವಿನ ಸಮೇತ ಬರುತ್ತದೆ. ಎಲ್ಲರೂ ಕೈಮುಗಿದ ಚಿತ್ರ ಒತ್ತಿ ಮಗ್ಗುಲು ಬದಲಿಸುತ್ತಾರೆ. ಕಾಣಿಕೆ ಡಬ್ಬಿಯ ಕ್ಷೇಮಕ್ಕಾಗಿ ಕಮಿಟಿಯವರು ಕ್ಯಾಮೆರಾವನ್ನೂ ಹಾಕಿಸಿದ್ದಾರೆ. ಕಣ್ಣು ಮಿಟುಕಿಸದೆ ಇಡೀ ಪ್ರಸಂಗ ಕೇಳುವ ಸದಸ್ಯ ಸದ್ಯಕ್ಕೆ ಅದೊಂದೇ. ಬಂದವರೆಲ್ಲ ಅದಕ್ಕೆ ಕಾಣುತ್ತಾರೆ. ಬಾರದವರನ್ನು ಕಾಣುವ ಕ್ಯಾಮೆರಾ ಇನ್ನೂ ಮಾರ್ಕೆಟ್ಟಿಗೆ ಬಂದಂತಿಲ್ಲ. ಬರುವ ತನಕ ಕಂಬದ ಪಕ್ಕದ ಬೆಂಚಿಗೆ ಯಾರಾದರೂ ಅರ್ಜಿ ಹಾಕಬಹುದು. 20 ಷಿಲಿಂಗ್ ಸಂಬಳವಿಲ್ಲ. ಪ್ರಸಂಗದ ಹೊತ್ತಿನಲ್ಲಿ ತೂಕಡಿಸಲು ಪರವಾನಗಿಯುಂಟು.