ವಾಲಿಬಾಲ್ ಗುರುವಿನ ಪೂರ್ವಾಶ್ರಮ

ವಿರಕ್ತರ ಪೂರ್ವಾಶ್ರಮವನ್ನು ಕೆದಕಿ ಕೇಳಬಾರದೆಂಬುದು ನಮ್ಮ ನಾಡಿನ ಹಿರಿಯರು ಪಾಲಿಸಿಕೊಂಡು ಬಂದ ಮರ್ಯಾದೆ. ಹುಟ್ಟಿದ ಊರು, ಮನೆತನ, ಬಿಟ್ಟುಬಂದ ಉದ್ಯೋಗ ಇವೆಲ್ಲ ದೀಕ್ಷೆಯೊಡನೆ ಕಳಚಿಬಿದ್ದವೆಂಬ ನಂಬುಗೆ ಅದರ ಹಿಂದಿದೆ. ಆದರೆ ಆಟದ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದುವ ಗುರುವಿನ ವಿಷಯದಲ್ಲಿ ಈ ಮರ್ಯಾದೆ ಸಲ್ಲದು. ಅವರ ಪೂರ್ವಾಶ್ರಮ ಕಳಚಿಬೀಳುವಂಥದಲ್ಲ. ಶಿಷ್ಯರ ಮೊಣಕಾಲಿನಲ್ಲಿ, ಭುಜದಲ್ಲಿ, ಮನಸ್ಸಿನಲ್ಲಿ ಇಳಿದು ಮುಂದುವರಿಯುವಂಥದು. ಆದ್ದರಿಂದ ಮಗನನ್ನೋ ಮಗಳನ್ನೋ ವಾಲಿಬಾಲ್ ತರಬೇತಿಗೆ ಒಪ್ಪಿಸುವ ತಂದೆತಾಯಿಗಳು, ಗುರುಗಳು ಎಲ್ಲಿಂದ ಬಂದವರು, ಏನನ್ನು ಕಂಡು ಉಂಡವರು ಎಂದು ಕೇಳುವುದು ಅಧಿಕಪ್ರಸಂಗವಲ್ಲ, ಕರ್ತವ್ಯ.

ಈ ಆಟ ಹುಟ್ಟಿದ್ದೇ ಒಬ್ಬ ವ್ಯಾಯಾಮ ಶಿಕ್ಷಕರ ಕೈಯಲ್ಲಿ. 1895ರಲ್ಲಿ ಅಮೇರಿಕೆಯ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತಿದ್ದ ವಿಲಿಯಂ ಮಾರ್ಗನ್ ಅವರಿಗೆ ಆಗ ಇಪ್ಪತ್ತೈದು ವರ್ಷ. ನಾಲ್ಕು ವರ್ಷಗಳ ಹಿಂದಷ್ಟೇ ರೂಪುಗೊಂಡಿದ್ದ ಬಾಸ್ಕೆಟ್‌ಬಾಲ್ ಆಟ ನಡುವಯಸ್ಸಿನ ವ್ಯಾಪಾರಸ್ಥರನ್ನು ವಿಪರೀತ ದಣಿಸುವುದನ್ನು ಅವರು ಕಂಡರು. ಟೆನಿಸ್ ಬಲೆಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಕಟ್ಟಿ, ಒಬ್ಬರ ಮೈಗೆ ಒಬ್ಬರ ಮೈ ತಾಗದ ಹೊಸ ಆಟವೊಂದನ್ನು ರಚಿಸಿದರು. ಮಿಂಟೊನೆಟ್ ಎಂದು ಅವರು ಕರೆದ ಆಟವೇ ಮರುವರ್ಷ ವಾಲಿಬಾಲ್ ಎಂಬ ಹೆಸರು ಪಡೆಯಿತು. ಎದುರಿಗೆ ನಿಂತ ದೇಹವನ್ನು ಮೊದಲು ನೋಡು, ಆಮೇಲೆ ಆಟವನ್ನು ಹೇಳಿಕೊಡು ಎಂಬ ಪಾಠ ಈ ಆಟದ ಹುಟ್ಟಿನಲ್ಲಿಯೇ ಅಡಗಿದೆ. ಮಾರ್ಗನ್ ಓದಿದ ಸ್ಪ್ರಿಂಗ್‌ಫೀಲ್ಡ್ ವಿದ್ಯಾಲಯದಲ್ಲಿಯೇ ಕಲಿತು ಬಂದ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣ ಭಾರತದಲ್ಲಿ ತರಬೇತಿ ಹೊಂದಿದ ವ್ಯಾಯಾಮ ಶಿಕ್ಷಕರ ಪರಂಪರೆ ಬೆಳೆಯಲು ಅದು ದೊಡ್ಡ ಆಧಾರವಾಯಿತು.

ಹಿರಣ್ಯಕೇಶಿಯ ದಂಡೆಯ ಸಂಕೇಶ್ವರಕ್ಕೂ ಸುತ್ತಲಿನ ಹುಕ್ಕೇರಿ, ಗೋಕಾಕ ಸೀಮೆಗೂ ಗುರುವೆಂದರೆ ಹೊಸ ಮಾತಲ್ಲ. ವಾಲಿಬಾಲ್ ಬರುವ ಮೊದಲೇ ಇಲ್ಲಿ ಗರಡಿಮನೆಗಳಿದ್ದವು, ವಸ್ತಾದರಿದ್ದರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನವಿರುವ ಕೊಲ್ಲಾಪುರ ಇಲ್ಲಿಗೆ ದೂರವೇನಲ್ಲ. ವಸ್ತಾದರ ಪೂರ್ವಾಶ್ರಮವನ್ನು ಯಾರೂ ಕೇಳಬೇಕಾಗಿರಲಿಲ್ಲ. ಹಿಡಿತಕ್ಕೆ ಸಿಕ್ಕು ಮುದುಡಿದ ಕಿವಿಯೇ ಅದನ್ನು ಸಾರುತ್ತಿತ್ತು. ವಾಲಿಬಾಲ್ ಗುರುವಿನ ಮೈಮೇಲೆ ಅಂಥ ಗುರುತು ಇರುವುದಿಲ್ಲ. ಆದ್ದರಿಂದ ಅವರ ಹಿನ್ನೆಲೆಯನ್ನು ವಿಚಾರಿಸಿ ತಿಳಿಯಬೇಕು. ವಿಚಾರಿಸಿದಾಗ ಸಾಮಾನ್ಯವಾಗಿ ಮೂರು ದಾರಿಗಳು ಕಾಣುತ್ತವೆ.

ಮೊದಲನೆಯದು ಸೈನ್ಯದ ದಾರಿ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಈ ಜಿಲ್ಲೆಯಲ್ಲಿ ಸೈನಿಕರ ಮನೆಗಳಿಗೆ ಕೊರತೆಯಿಲ್ಲ. ಪಲ್ಟಣಿನಲ್ಲಿ ಸಂಜೆ ಆಡಿ ಕಲಿತು, ಇನ್ನೂ ಕಸುವಿರುವಾಗಲೇ ನಿವೃತ್ತರಾಗಿ ಊರಿಗೆ ಬಂದವರು ಸುಣ್ಣದ ಗೆರೆ ಎಳೆದು ಹುಡುಗರನ್ನು ಕೂಡಿಸುತ್ತಾರೆ. ಹೊತ್ತಿಗೆ ಸರಿಯಾಗಿ ಬರುವುದು, ಸೋತಾಗಲೂ ತಲೆ ತಗ್ಗಿಸದೆ ನಿಲ್ಲುವುದು ಇವರಿಂದ ಬರುವ ಸಂಪತ್ತು. ಆದರೆ ನೋವನ್ನು ನುಂಗುವುದೇ ಶಿಸ್ತೆಂದು ತಿಳಿಯುವ ಅಪಾಯವೂ ಇದೇ ದಾರಿಯಲ್ಲಿದೆ.

ಇದಕ್ಕೆ ಜಪಾನಿನ ಹಿರೋಬುಮಿ ದೈಮತ್ಸು ಅವರ ನಿದರ್ಶನ ಸಾಕು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗವನ್ನು ಕಂಡು ಬದುಕಿ ಬಂದ ಅವರು ಕೈಜುಕಾದ ನೂಲಿನ ಗಿರಣಿಯ ಹೆಣ್ಣುಮಕ್ಕಳಿಗೆ ವಾಲಿಬಾಲ್ ಕಲಿಸಿದರು. ಗೋಕಾಕ ಜಲಪಾತದ ಗಿರಣಿಯನ್ನು ಬಲ್ಲವರಿಗೆ ಅಲ್ಲಿಯ ದುಡಿಮೆ ಎಂಥದೆಂದು ಹೇಳಬೇಕಿಲ್ಲ. ಹಗಲೆಲ್ಲ ಕೆಲಸ, ಅದು ಮುಗಿದ ಮೇಲೆ ರಾತ್ರಿ ಬಹಳ ಹೊತ್ತಿನವರೆಗೆ ಅಭ್ಯಾಸ. ನೆಲಕ್ಕೆ ಬಿದ್ದು ಚೆಂಡನ್ನೆತ್ತಿ ಉರುಳಿ ಮತ್ತೆ ಎದ್ದು ನಿಲ್ಲುವ ವಿದ್ಯೆಯನ್ನು ಅವರು ರೂಢಿಸಿದರು. 1962ರಲ್ಲಿ ವಿಶ್ವವಿಜಯ, 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಸುವರ್ಣ ಪದಕ ದೊರೆತವು. ಜಪಾನೀಯರು ಅವರನ್ನು ಮೆಚ್ಚಿದರು. ಜೊತೆಗೆ ಅಸುರನೆಂದೂ ಕರೆದರು. ಆ ಎರಡೂ ಮಾತುಗಳಲ್ಲಿ ಸತ್ಯವಿತ್ತು. ದುಡಿಯುವ ಪ್ರಾಯದ ತರುಣಿಯರು ತಾಳಿದ ಕಾಠಿಣ್ಯವನ್ನು ಹದಿಮೂರರ ಬಾಲಕನ ಮೇಲೆ ಹೇರಿದರೆ ಪದಕ ಬರಲಾರದು, ಗಾಯ ಬಂದೀತು.

ಎರಡನೆಯದು ಆಟಗಾರನ ದಾರಿ. ಭಾರತ ತಂಡ 1958ರ ಏಷ್ಯನ್ ಕ್ರೀಡೆಗಳಲ್ಲಿ ಕಂಚು, 1962ರಲ್ಲಿ ಬೆಳ್ಳಿ, 1986ರಲ್ಲಿ ಮತ್ತೆ ಕಂಚು ಗಳಿಸಿತು. ಅರ್ಜುನ ಪ್ರಶಸ್ತಿ ಪಡೆದ ಆಟಗಾರರಾದ ಎ. ರಮಣ ರಾವ್, ಎಂ. ಶ್ಯಾಮಸುಂದರ ರಾವ್, ಜಿ.ಇ. ಶ್ರೀಧರನ್ ಇವರು ಮುಂದೆ ಗುರುಗಳಾಗಿ ಕ್ರಮವಾಗಿ 1990, 1995 ಮತ್ತು 2007ರ ದ್ರೋಣಾಚಾರ್ಯ ಪ್ರಶಸ್ತಿಗೆ ಪಾತ್ರರಾದರು. ಬೆಂಗಳೂರಿನ ವೃತ್ತಿಪರ ತಂಡವೊಂದು 2008ರ ಒಲಿಂಪಿಕ್ ಸುವರ್ಣ ವಿಜೇತ ಅಮೇರಿಕೆಯ ಡೇವಿಡ್ ಲೀ ಅವರನ್ನು 2023ರಲ್ಲಿ ಗುರುವಾಗಿ ಕರೆತಂದಿತು. ಆದರೆ ಆಡಿದವರೆಲ್ಲ ಆಡಿಸಲಾರರು. ಕೈಗೆ ಗೊತ್ತಿದ್ದದ್ದು ನಾಲಗೆಗೆ ಬರುವುದೇ ಒಂದು ಬೇರೆ ಸಾಧನೆ. ಅಲ್ಲದೆ ಅನುಭವವೂ ಹಳತಾಗುತ್ತದೆ. ಸರ್ವಿಸ್ ಇದ್ದವರಿಗೆ ಮಾತ್ರ ಅಂಕ ದೊರೆಯುತ್ತಿದ್ದ ಹದಿನೈದರ ಆಟದಲ್ಲಿ ಬೆಳೆದವರು, 1998ರಲ್ಲಿ ಪ್ರತಿ ಚೆಂಡಿಗೂ ಅಂಕವೆಂಬ ಇಪ್ಪತ್ತೈದರ ಆಟಕ್ಕೆ ಒಪ್ಪಿಗೆ ದೊರೆತ ಮೇಲೆ ಮತ್ತೆ ಶಿಷ್ಯರಾಗಬೇಕಾಯಿತು. ಅದೇ ವರ್ಷ ಲಿಬೆರೊ ಎಂಬ ರಕ್ಷಕನ ಸ್ಥಾನವೂ ಹುಟ್ಟಿತು. ಎತ್ತರವಿಲ್ಲವೆಂದು ಗೆರೆಯ ಹೊರಗೆ ಚೆಂಡು ಹೆಕ್ಕುತ್ತಿದ್ದ ಗಿಡ್ಡ ಹುಡುಗನಿಗೆ ಅಂಗಳದೊಳಗೆ ಗೌರವದ ಸ್ಥಳ ದೊರೆಯಿತು. ಅದನ್ನು ತಿಳಿಯದ ಗುರು ಇಂದಿಗೂ ಅವನನ್ನು ಮನೆಗೆ ಕಳಿಸಿಯಾರು.

ಮೂರನೆಯದು ವಿದ್ಯೆಯ ದಾರಿ. 1961ರಲ್ಲಿ ಪಟಿಯಾಲದ ಅರಮನೆಯಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ತರಬೇತುದಾರಿಕೆಯನ್ನು ಒಂದು ಶಾಸ್ತ್ರವಾಗಿ ಕಲಿಸತೊಡಗಿತು. ಅಲ್ಲಿಯ ಡಿಪ್ಲೊಮಾ ಪಡೆದವರೂ, ಬಿ.ಪಿ.ಎಡ್. ಮುಗಿಸಿ ಶಾಲೆಗೆ ಬಂದವರೂ ಸ್ನಾಯು, ಎಲುಬು, ಆಹಾರ, ವಿಶ್ರಾಂತಿಗಳ ಲೆಕ್ಕ ಬಲ್ಲವರು. ಶಾಲೆಯ ಶಿಕ್ಷಕರಿಗೆ ಇನ್ನೊಂದು ಅರಿವೂ ಇರುತ್ತದೆ: ಯಾವ ಹುಡುಗ ಬೆಳಗ್ಗೆ ಕಬ್ಬಿನ ಗದ್ದೆಗೆ ನೀರು ಹಾಯಿಸಿ ಬಂದಿದ್ದಾನೆ, ಯಾವ ಹುಡುಗಿ ಕತ್ತಲಾಗುವ ಮೊದಲು ಮನೆ ಸೇರಬೇಕು ಎಂಬುದು ಯಾವ ಪ್ರಮಾಣಪತ್ರದಲ್ಲೂ ಬರೆದಿರುವುದಿಲ್ಲ. ಇವರ ಅಪಾಯವೆಂದರೆ ಪುಸ್ತಕದ ಪಟ್ಟಿಯನ್ನೇ ಆಟವೆಂದು ತಿಳಿಯುವುದು, ದಾಖಲೆಯ ಭಾರದಲ್ಲಿ ಅಂಗಳವನ್ನು ಮರೆಯುವುದು.

ಈ ಮೂರರ ಪರೀಕ್ಷೆ ಒಂದು ಸಣ್ಣ ಮಾತಿನಲ್ಲಿ ನಡೆಯುತ್ತದೆ. “ಸರ್, ಮೊಣಕಾಲು ನೋಯುತ್ತದೆ” ಎಂದು ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಹೇಳುತ್ತಾನೆ. ಬೆಳೆಯುವ ವಯಸ್ಸಿನಲ್ಲಿ ಮೊಣಚಿಪ್ಪಿನ ಕೆಳಗಿನ ಎಲುಬಿನ ತುದಿ ಇನ್ನೂ ಎಳೆಯದಾಗಿರುತ್ತದೆ. ಗಟ್ಟಿ ನೆಲದ ಮೇಲೆ ನೂರಾರು ಬಾರಿ ಜಿಗಿದಾಗ ತೊಡೆಯ ಸ್ನಾಯು ಅದನ್ನು ಎಳೆದೆಳೆದು ಬಾವು ತರಿಸುತ್ತದೆ. ಜಿಗಿತವನ್ನು ಕಡಿಮೆ ಮಾಡಿ ವಿಶ್ರಾಂತಿ ಕೊಟ್ಟರೆ ಬಹುತೇಕ ಮಕ್ಕಳಲ್ಲಿ ಅದು ಕಾಲಕ್ರಮದಲ್ಲಿ ಶಮನವಾಗುತ್ತದೆ. ಆಗ ಎರಡು ಸುತ್ತು ಓಡು, ಹೋಗುತ್ತದೆ ಎನ್ನುವವರೂ ಉಂಟು; ಬಳಿಯಲ್ಲಿ ಕೂಡಿಸಿಕೊಂಡು, ಜಿಗಿಯದೆ ಲಿಫ್ಟ್ ಮಾಡುವುದನ್ನು ಕಲಿಸುತ್ತ, ವೈದ್ಯರಲ್ಲಿಗೆ ಕಳಿಸುವವರೂ ಉಂಟು. ಮೊದಲನೆಯವರಿಗೆ ಇಪ್ಪತ್ತು ವರ್ಷದ ಅನುಭವವಿರಬಹುದು. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ಅವರು ಕಂಡದ್ದು ತಮ್ಮ ಗತಕಾಲವನ್ನು ಮಾತ್ರ, ಎದುರಿಗಿದ್ದ ಮಗುವನ್ನಲ್ಲ.

ಆದ್ದರಿಂದ ತರಬೇತಿ ಕೇಂದ್ರವನ್ನು ಕಟ್ಟುವವರು ಗುರುಗಳ ಪದಕಗಳನ್ನು ಎಣಿಸಿದರೆ ಸಾಲದು. ಸೈನಿಕರಿಗೆ ಶರೀರಶಾಸ್ತ್ರವನ್ನು, ಆಟಗಾರರಿಗೆ ಹೇಳಿಕೊಡುವ ವಿದ್ಯೆಯನ್ನು, ಓದಿ ಬಂದವರಿಗೆ ಅಂಗಳದ ಧೂಳನ್ನು ಒದಗಿಸಬೇಕು. ಸಾಧ್ಯವಾದರೆ ಮೂವರನ್ನೂ ಒಂದೇ ಅಂಗಳಕ್ಕೆ ಕರೆಯಬೇಕು. ವಾಲಿಬಾಲಿನಲ್ಲಿ ಚೆಂಡನ್ನು ಹಿಡಿದು ನಿಲ್ಲಿಸಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಅಡ್ಡಾದಿಡ್ಡಿಯಾಗಿ ಬಂದದ್ದನ್ನು ನೆಟ್ಟಗೆ ಮಾಡಿ ಮುಂದಿನವರಿಗೆ ಎತ್ತಿಕೊಡುವುದೇ ಆಟದ ಧರ್ಮ. ತಮಗೆ ಒರಟಾಗಿ ಬಂದ ವಿದ್ಯೆಯನ್ನು ಮಕ್ಕಳಿಗೆ ಹದವಾಗಿ ದಾಟಿಸಿದವರೇ ತಮ್ಮ ಪೂರ್ವಾಶ್ರಮವನ್ನು ನಿಜವಾಗಿ ಗೆದ್ದ ಗುರುಗಳು.