ಒಂದೇ ತೊಟ್ಟಿಯ ನೀರು

ಪರದೇಶಕ್ಕೆ ಹೋಗಿ ಹೋಟೆಲಿನಲ್ಲಿ ಇಳಿದವರು ಬಂದು ಕೋಟೆ, ಗೋಪುರಗಳ ವಿಷಯ ಹೇಳುತ್ತಾರೆ. ಗೆಳೆಯರ ಮನೆಯಲ್ಲಿ ಇಳಿದವರು ಬಚ್ಚಲುಮನೆಯ ವಿಷಯ ಹೇಳುತ್ತಾರೆ. ನಾನು ಎರಡನೆಯ ಪಂಗಡದವನು. ಜಪಾನಿನ ನಗೋಯಾ ಕೋಟೆಯ ನೆತ್ತಿಯಲ್ಲಿ ಎರಡು ಚಿನ್ನದ ಮೀನುಗಳಿವೆ. ಅವನ್ನು ನೋಡಿದ್ದು ಈಗ ಮಸುಕು ಮಸುಕು. ಆ ಊರಿನ ಒಂದು ಮನೆಯ ಸ್ನಾನದ ತೊಟ್ಟಿ ಮಾತ್ರ ಅಳತೆ ಸಮೇತ ನೆನಪಿದೆ.

ಬಿಡದಿಯ ಕಾರು ಕಾರ್ಖಾನೆಗೆಂದು ಬಂದಿದ್ದ ಜಪಾನಿ ಎಂಜಿನಿಯರೊಬ್ಬರ ಸಂಸಾರ ಬೆಂಗಳೂರಿನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿತ್ತು. ಅವರ ಮಗನಿಗೂ ನನಗೂ ಒಂದೇ ವಯಸ್ಸು. ನಮ್ಮಿಬ್ಬರ ಸ್ನೇಹಕ್ಕೆ ಭಾಷೆ ಬೇಕಾಗಲಿಲ್ಲ, ಶಟಲ್ ಕಾಕ್ ಸಾಕಾಯಿತು. ಅವನ ತಾಯಿಯನ್ನು ನಾನು ‘ಆಂಟಿ’ ಎಂದೇ ಕರೆಯುತ್ತಿದ್ದೆ. ಅವರು ನಮ್ಮಮ್ಮನ ಕೋಡುಬಳೆಗೆ ಮಾರುಹೋಗಿದ್ದರು. ನಗೋಯಾಕ್ಕೆ ಮರಳುವಾಗ, ‘ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಇವನನ್ನು ಕಳಿಸಿಕೊಡಿ’ ಎಂದು ಹೇಳಿಹೋದರು. ಅಪ್ಪ ಅದನ್ನು ಉಪಚಾರದ ಮಾತೆಂದುಕೊಂಡಿದ್ದರು. ನಾನು ಹಾಗೆ ಅಂದುಕೊಳ್ಳಲಿಲ್ಲ. ಹೊರಡುವ ಮುನ್ನ ತಿಪಟೂರಿನ ಅಜ್ಜಿಗೆ ನಮಸ್ಕಾರ ಮಾಡಿದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿಯವರು ಸ್ನಾನಗೀನ ಮಾಡ್ತಾರೇನೋ?’

ಮೊದಲ ಸಂಜೆಯೇ ಉತ್ತರ ಸಿಕ್ಕಿತು. ಅಡುಗೆಮನೆಯ ಗೋಡೆಯಲ್ಲಿದ್ದ ಪುಟ್ಟ ಯಂತ್ರ ಪಿಯಾನೋ ನುಡಿಸಿ, ಹೆಣ್ಣುದನಿಯಲ್ಲಿ ಸ್ನಾನಕ್ಕೆ ನೀರು ಕಾದಿದೆ ಎಂದು ಸಾರಿತು. ‘ನೀನೇ ಮೊದಲು’ ಎಂದರು ಆಂಟಿ. ಗೆಳೆಯ ಕ್ರಮ ತಿಳಿಸಿದ. ತೊಟ್ಟಿಯ ಹೊರಗೆ ಗಿಡ್ಡ ಮಣೆಯ ಮೇಲೆ ಕೂತು ಮೈ ಉಜ್ಜಿ, ಸೋಪು ಹಚ್ಚಿ, ನೊರೆಯ ಹನಿಯೂ ಉಳಿಯದಂತೆ ತೊಳೆದುಕೊಳ್ಳಬೇಕು. ಆಮೇಲೆ ತೊಟ್ಟಿಗೆ ಇಳಿದು ಕತ್ತಿನವರೆಗೆ ಮುಳುಗಿ ಕೂರಬೇಕು. ಎದ್ದ ಮೇಲೆ ಮುಚ್ಚಳ ಹಾಕಿ ಬರಬೇಕು. ನೀರು ಬಿಡಬಾರದು.

‘ಯಾಕೆ ಬಿಡಬಾರದು?’

‘ನಿನ್ನ ನಂತರ ನಾನು, ಆಮೇಲೆ ಅಪ್ಪ, ಅಜ್ಜಿ, ಅಮ್ಮ.’

ಚೊಂಬಿಗೆ ತುಟಿ ತಾಗಿದರೆ ಎಂಜಲು ಎನ್ನುವ ಮನೆಯಲ್ಲಿ ಬೆಳೆದವನಿಗೆ ಎದೆ ಧಸಕ್ಕೆಂದಿತು. ತಿಪಟೂರಿನಲ್ಲಿ ತಾಮ್ರದ ಹಂಡೆಯ ನೀರನ್ನು ಚೊಂಬಿನಿಂದ ಮೊಗೆದು ಮೈಮೇಲೆ ಹೊಯ್ದುಕೊಂಡರೆ ಅದು ಮೋರಿ ಹಿಡಿದು ಬಾಳೆಗಿಡದ ಬುಡಕ್ಕೆ ಹೋಗುತ್ತದೆ. ಒಬ್ಬರ ನೀರು ಇನ್ನೊಬ್ಬರನ್ನು ಮುಟ್ಟುವ ಮಾತೇ ಇಲ್ಲ. ಇಲ್ಲಿ ನೀರು ನಿಂತಲ್ಲೇ ನಿಂತಿರುತ್ತದೆ, ಜನ ಬದಲಾಗುತ್ತಾರೆ. ಸುಮಾರು 200 ಲೀಟರ್ ನೀರು, 41 ಡಿಗ್ರಿ ಬಿಸಿ. ಅಂದು ಮೊದಲಿಗನಾದ್ದರಿಂದ ಬಚಾವಾದೆ. ಸುಖವಾಗಿಯೂ ಇತ್ತೆನ್ನಿ.

ಈ ಮುಳುಗುವ ಸುಖಕ್ಕೆ ದೊಡ್ಡ ಚರಿತ್ರೆಯೇ ಇದೆ, ಅದರ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ. ಭಿಕ್ಷುಗಳಿಗೆ ಸ್ನಾನದ ಏರ್ಪಾಟು ಮಾಡುವುದು ಪುಣ್ಯ ಎನ್ನುವ ಬೌದ್ಧ ಸೂತ್ರವೊಂದು ಚೀನಾ ದಾಟಿ ಜಪಾನಿಗೆ ಹೋಯಿತು. ನಾರಾದ ತೋದಾಯ್-ಜಿಯಂಥ ದೊಡ್ಡ ದೇವಾಲಯಗಳು ಸ್ನಾನದ ಮನೆ ಕಟ್ಟಿಸಿದವು. ಎಂಟನೆಯ ಶತಮಾನದ ಕೋಮ್ಯೋ ಸಾಮ್ರಾಜ್ಞಿ ಸಾವಿರ ಜನರಿಗೆ ತನ್ನ ಕೈಯಾರೆ ಸ್ನಾನ ಮಾಡಿಸುವ ಹರಕೆ ಹೊತ್ತಳಂತೆ. ಸಾವಿರದವನಾಗಿ ಬಂದ ಕುಷ್ಠರೋಗಿ ಅಕ್ಷೋಭ್ಯ ಬುದ್ಧನಾಗಿ ದರ್ಶನ ಕೊಟ್ಟನೆಂಬುದು ಐತಿಹ್ಯ. ಈಗ ಟೋಕಿಯೋ ಆಗಿರುವ ಎದೋದಲ್ಲಿ 1591ರಲ್ಲಿ ಮೊದಲ ಸಾರ್ವಜನಿಕ ಸ್ನಾನಗೃಹ ಬಾಗಿಲು ತೆರೆಯಿತು. ಅದು ಮರದ ಮನೆಗಳ ಊರು. ಬೆಂಕಿಯ ಭಯ ಒಂದು ಕಡೆ, ಸೌದೆಯ ದುಬಾರಿ ಇನ್ನೊಂದು ಕಡೆ. ಹೀಗಾಗಿ ಮನೆಯಲ್ಲಿ ನೀರು ಕಾಯಿಸುವವರು ಕಡಿಮೆ. ಸಮುರಾಯಿಯೂ ಬಡಗಿಯೂ ಕಾಸು ಕೊಟ್ಟು ಒಂದೇ ತೊಟ್ಟಿಗೆ ಇಳಿಯುತ್ತಿದ್ದರು. ಬಟ್ಟೆ ಬಿಚ್ಚಿಟ್ಟ ಮೇಲೆ ಯಾರ ದರ್ಬಾರೂ ನಡೆಯುವುದಿಲ್ಲ.

ಗೆಳೆಯನ ಅಜ್ಜಿ ಹುಟ್ಟಿದ್ದು ಹಳ್ಳಿಯಲ್ಲಿ. ಅವರ ತವರಿನಲ್ಲಿ ಸ್ನಾನಕ್ಕಿದ್ದದ್ದು ಒಲೆಯ ಮೇಲೆ ಕೂರಿಸಿದ ಕಬ್ಬಿಣದ ಕಡಾಯಿ. ತಳ ಸುಡುತ್ತಿದ್ದುದರಿಂದ ನೀರಿನಲ್ಲಿ ತೇಲುವ ಹಲಗೆಯನ್ನು ಕಾಲಲ್ಲಿ ಒತ್ತಿಕೊಂಡೇ ಒಳಗಿಳಿಯಬೇಕು. 1988ರ ‘ಮೈ ನೇಬರ್ ಟೊಟೊರೊ’ ಚಿತ್ರದಲ್ಲಿ ಅಪ್ಪ ಮಕ್ಕಳು ಕೂತು ಸ್ನಾನ ಮಾಡುವುದು ಅಂಥದ್ದರಲ್ಲೇ. ಅದಕ್ಕೆ ಗೋಎಮೊನ್ ಸ್ನಾನ ಎಂದು ಹೆಸರು. 1594ರಲ್ಲಿ ಕ್ಯೋಟೋದ ನದಿದಂಡೆಯಲ್ಲಿ ಕಡಾಯಿಯಲ್ಲಿ ಬೇಯಿಸಿ ಕೊಲ್ಲಲಾದ ಇಶಿಕಾವಾ ಗೋಎಮೊನ್ ಎಂಬ ಕಳ್ಳನ ಹೆಸರದು. ಇಂಥ ಹೆಸರಿನ ತೊಟ್ಟಿಯಲ್ಲಿ ನಿಶ್ಚಿಂತೆಯಿಂದ ಕೂರಬಲ್ಲ ಜನರ ಧೈರ್ಯ ಮೆಚ್ಚಬೇಕು.

ಹುಡುಗಿಯಾಗಿದ್ದಾಗ ಒಲೆಗೆ ಸೌದೆ ಒಟ್ಟುವುದು ಅಜ್ಜಿಯ ಪಾಲಿನ ಕೆಲಸ. ತಿಪಟೂರಿನಲ್ಲಿ ರಜೆಯುದ್ದಕ್ಕೂ ಹಂಡೆಯ ಒಲೆಗೆ ತೆಂಗಿನ ಗರಿ, ಮಟ್ಟೆ ತುರುಕುವ ಕೆಲಸ ನನ್ನದಾಗಿತ್ತು. ಹೊಗೆಗೆ ಕಣ್ಣುಜ್ಜಿಕೊಳ್ಳುವುದನ್ನು ನಾನು ಅಭಿನಯಿಸಿ ತೋರಿಸಿದಾಗ ಆಕೆ ಬಿದ್ದು ಬಿದ್ದು ನಕ್ಕರು. ಆಮೇಲೆ ಇನ್ನೊಂದು ಮಾತನ್ನೂ ಹೇಳಿದರು: ಆ ಕಾಲದಲ್ಲಿ ಮೊದಲು ಮನೆಯ ಯಜಮಾನ, ಆಮೇಲೆ ಗಂಡುಮಕ್ಕಳು, ಕಟ್ಟಕಡೆಗೆ ಸೊಸೆ, ತನ್ನ ಸರದಿ ಬರುವಷ್ಟರಲ್ಲಿ ನೀರು ಉಗುರುಬೆಚ್ಚಗೂ ಇರುತ್ತಿರಲಿಲ್ಲವಂತೆ. ಈಗ ಗುಂಡಿ ಒತ್ತಿದರೆ ಅದೇ ನೀರು ಮತ್ತೆ ಬಿಸಿಯಾಗುತ್ತದೆ. ಆ ಗುಂಡಿ ಕಂಡುಹಿಡಿದವನನ್ನು ಅಜ್ಜಿ ದಿನವೂ ಹರಸುತ್ತಿದ್ದರು.

ಒಂದು ಭಾನುವಾರ ಗೆಳೆಯ ಬೀದಿಕೊನೆಯ ಸಾರ್ವಜನಿಕ ಸ್ನಾನಗೃಹಕ್ಕೆ ಕರೆದೊಯ್ದ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲು. ಒಳಗೆ ಎಲ್ಲರೂ ಹುಟ್ಟುಡುಗೆಯಲ್ಲಿ. ಮೀಸೆ ಮೂಡುತ್ತಿರುವ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಅಗ್ನಿಪರೀಕ್ಷೆ ಇಲ್ಲ. ಆದರೆ ನನ್ನನ್ನು ಯಾರೂ ನೋಡುತ್ತಿಲ್ಲ ಎಂಬುದು ಬೇಗ ತಿಳಿಯಿತು; ಸ್ವಲ್ಪ ಬೇಜಾರೂ ಆಯಿತು. ಅಲ್ಲಿನ ಹಳದಿ ಪ್ಲಾಸ್ಟಿಕ್ ಬೋಗುಣಿಗಳ ತಳದಲ್ಲಿ ಕೆರೊರಿನ್ ಎಂದು ಬರೆದಿತ್ತು. ಅದು ನೋವಿನ ಔಷಧಿ. 1963ರಿಂದ ಅದರ ಜಾಹೀರಾತು ಹೊತ್ತ ಬೋಗುಣಿಗಳು ದೇಶವಿಡೀ ಜನರ ತಲೆಗೆ ನೀರು ಹೊಯ್ದಿವೆ. ಇಂಥ ಸ್ನಾನಗೃಹಗಳು 1968ರ ಸುಮಾರಿಗೆ ಜಪಾನಿನಲ್ಲಿ 18,000ದಷ್ಟಿದ್ದವು, ಇಂದು 2,000ಕ್ಕೂ ಕಡಿಮೆ. ಯುದ್ಧದ ನಂತರ ಎದ್ದ ವಸತಿ ಸಮುಚ್ಚಯಗಳಲ್ಲಿ ಮನೆಮನೆಗೂ ತೊಟ್ಟಿ ಬಂತು, ಊರಿನ ತೊಟ್ಟಿ ಬಡವಾಯಿತು. ನಮ್ಮಲ್ಲಿಯೂ ಗೀಜರ್ ಬಂದ ಮೇಲೆ ಹಂಡೆಯ ಒಲೆಯ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ ಹರಟುವವರು ಚದುರಿಹೋದರಲ್ಲ.

ಮೇ 5 ಅಲ್ಲಿ ಮಕ್ಕಳ ದಿನ. ಅಂದು ಅಜ್ಜಿ ಖಡ್ಗದಂಥ ಉದ್ದನೆಯ ಹಸಿರೆಲೆಗಳ ಕಟ್ಟೊಂದನ್ನು ತೊಟ್ಟಿಯಲ್ಲಿ ತೇಲಿಬಿಟ್ಟರು. ಆ ಎಲೆಯ ನೀರಲ್ಲಿ ಮಿಂದ ಮಕ್ಕಳಿಗೆ ಕೇಡು ತಟ್ಟದು ಎಂದು ನಂಬಿಕೆ. ಹಬೆಯೊಂದಿಗೆ ಎದ್ದ ವಾಸನೆ ನನಗೆ ಅಪರಿಚಿತವೇನಲ್ಲ. ಬುಡ ಮುರಿದು ಮೂಸಿದೆ. ಬಜೆ! ತಿಪಟೂರಿನ ಅಜ್ಜಿ ಸಾಣೆಕಲ್ಲಿನಲ್ಲಿ ತೇಯ್ದು, ಮಾತು ಸ್ಪಷ್ಟವಾಗಲಿ ಎಂದು ಎಳೆಗೂಸುಗಳ ನಾಲಗೆಗೆ ಸವರುವ ಬಜೆ. ನಾವು ಬೇರು ಇಟ್ಟುಕೊಂಡಿದ್ದೇವೆ, ಅವರು ಎಲೆ ಇಟ್ಟುಕೊಂಡಿದ್ದಾರೆ. ಮಕ್ಕಳ ಚಿಂತೆ ಇಬ್ಬರಿಗೂ ಒಂದೇ. ಆ ರಾತ್ರಿ ಫೋನಿನಲ್ಲಿ ಅಜ್ಜಿಗೆ ವರದಿ ಒಪ್ಪಿಸಿದೆ: ಮೈ ತೊಳೆದ ಮೇಲೆಯೇ ಇವರ ಸ್ನಾನ ಶುರುವಾಗುತ್ತದೆ, ನೀರಿಗೆ ಬಜೆ ಬೇರೆ ಹಾಕುತ್ತಾರೆ, ಉಳಿದ ನೀರಲ್ಲಿ ಬಟ್ಟೆ ಒಗೆಯುತ್ತಾರೆ. ‘ಹಾಗಾದ್ರೆ ನಮಗಿಂತ ಮಡಿ ಕಣೋ’ ಎಂದು ಅಜ್ಜಿ ತೀರ್ಪು ಕೊಟ್ಟಳು.

ಅಷ್ಟು ಹೊತ್ತಿಗೆ ನನ್ನ ಸರದಿಯೂ ಬದಲಾಗಿತ್ತು. ಬಂದ ಹೊಸದರಲ್ಲಿ ಮೊದಲ ನೀರು ನನಗೇ ಮೀಸಲು. ಬರುಬರುತ್ತಾ ಆಂಟಿ ಆ ಉಪಚಾರ ಕೈಬಿಟ್ಟರು. ‘ಇವನಿಗೆ ನಾಳೆ ಶಾಲೆಯಿದೆ, ಇವನು ಹೋಗಿಬರಲಿ. ನೀನು ಅಷ್ಟರಲ್ಲಿ ಪಾತ್ರೆ ಒರೆಸಿಡು’ ಎಂದು ಒಂದು ರಾತ್ರಿ ಗದರಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗೆಳೆಯ ಮಿಂದೆದ್ದ ನೀರಿಗೆ ಇಳಿಯುವಾಗ ಎಂಜಲಿನ ಯೋಚನೆ ಹತ್ತಿರವೂ ಸುಳಿಯಲಿಲ್ಲ. ಮೊದಲ ನೀರು ಅತಿಥಿಯದು, ಸರದಿಯ ನೀರು ಮನೆಮಗನದು.

ನಿಮ್ಮ ಹದಿಹರೆಯದ ಮಕ್ಕಳಿಗೂ ದೂರದೇಶದಲ್ಲಿ ಇಂಥ ಗೆಳೆಯರಿದ್ದರೆ ಪ್ಯಾಕೇಜ್ ಟೂರಿನ ಗೊಡವೆ ಬಿಟ್ಟು ಆ ಮನೆಗೇ ಕಳಿಸಿ. ಅಲ್ಲಿಯ ಮಕ್ಕಳು ನಿಮ್ಮಲ್ಲಿಗೆ ಬಂದರೆ ಎರಡು ದಿನ ಉಪಚಾರ ಮಾಡಿ. ಮೂರನೆಯ ದಿನದಿಂದ ಬಚ್ಚಲುಮನೆಯ ಮುಂದೆ ನಿಮ್ಮ ಮಕ್ಕಳ ಹಿಂದೆಯೇ ಸರದಿಯಲ್ಲಿ ನಿಲ್ಲಿಸಿ. ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ.